ಪೂರ್ತಿ ವಾಪಸು

ಕುವಾಬಾರ ಅಂದರೆ ಅವರ ಭಾಷೆಯಲ್ಲಿ
ಹಿಪ್ಪುನೇರಳೆ ತೋಟವಂತೆ.
ಅಮ್ಮ ನಕ್ಕಳು:
ಹಾಗಾದರೆ ಸರ್ವೆ ನಂಬರೂ ಇರಬೇಕಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಕತ್ತಲಲ್ಲೇ ಬಂದು
ಒಂದೇ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು
ಅಲ್ಲಾಡಿಸಿ ಕೇಳುವ ಮುದುಕ.
ದ್ವಿತಳಿ ಹುಳು ಸಾಕುವುದು ನಮಗೆ ಕಲಿಸಲು ಬಂದವನು
ನಮ್ಮಿಂದ ಕಲಿತದ್ದು ಇಪ್ಪತ್ತು ಮೂವತ್ತು ಮಾತು:
ಸೊಪ್ಪು, ಜ್ವರ, ಚಂದ್ರಿಕೆ, ಸಾಕು, ಬಿಸಿ.

ಅವನಿಗೆ ಏನಾದರೂ ಕೊಡುವುದೇ ಕಷ್ಟ.
ಸೇರು ಕಡಲೆಕಾಯಿ ಕೊಟ್ಟರೆ ಮೂರನೇ ದಿನಕ್ಕೆ
ಕಾಗದ ಸುತ್ತಿದ ಟವೆಲ್ಲು.
ಹಿತಕಿದ ಅವರೆಬೇಳೆ ಸಾರು ಕಳಿಸಿದ ಡಬ್ಬಿ
ಖಾಲಿ ಬಂದದ್ದೇ ಇಲ್ಲ.
ಬಂದದ್ದರಲ್ಲಿ ಅರ್ಧದಷ್ಟು ವಾಪಸು ಹೋಗಬೇಕು,
ಅದು ಅವರ ಕಡೆಯ ಲೆಕ್ಕ.
ಋಣಕ್ಕೆ ಹೆದರುವ ಜನ ಕಣೇ, ಅಂದಳು ಅಮ್ಮ,
ಪೆನ್ಸಿಲುಗಳನ್ನು ಸಕ್ಕರೆ ಡಬ್ಬಿಯ ಹಿಂದೆ ಎತ್ತಿಡುತ್ತ.

ಫಿಲೇಚರಿನ ಹಿಂದೆ, ಬೆಂದ ಹುಳು ಸುರಿಯುವ ಕಡೆ
ಕಲ್ಲೊಂದನ್ನು ನಿಲ್ಲಿಸಿ ನೀರು ಹೊಯ್ದು
ಸೊಂಟದ ತನಕ ಬಾಗುತ್ತಿದ್ದ.
ನೂಲು ಬಿಚ್ಚುವ ಜಮೀಲಾಬಿ ಕೇಳಿದಳು,
ಹುಳಕ್ಕೂ ತಿಥಿಯಾ?
ಕೇಳಿದವಳೇ ಮಾರನೆಯ ದಿನ
ಕಲ್ಲಿನ ಸುತ್ತ ಗುಡಿಸಿದ್ದಳು.

ಅವನು ಊರಿಗೆ ಹೋಗಿದ್ದ ತಿಂಗಳು
ಎಚ್ ಕ್ರಾಸಿನಲ್ಲಿ, ಗೂಡಿನ ಚೀಲದ ಸಮೇತ ಬಿದ್ದ
ನನ್ನ ತಮ್ಮ ಪಿಳ್ಳಮುನಿ.
ನಾಲ್ಕನೇ ದಿನ ಡಾಕ್ಟರು ನನ್ನೊಬ್ಬಳನ್ನೇ ಕರೆದು
ತಾವೇ ಕುರ್ಚಿ ಎಳೆದುಕೊಟ್ಟರು.
ಕುರ್ಚಿ ಎಳೆದಾಗಲೇ ತಿಳಿಯಿತು.
ಎರಡು ಕಿಡ್ನಿ, ಲಿವರು, ಕಣ್ಣು.
ಎಡಗೈಯಲ್ಲಿ ಅವನ ಕೈ ಹಿಡಿದುಕೊಂಡೇ
ಬಲಗೈಯಲ್ಲಿ ಸಹಿ ಹಾಕಿದೆ.
ಮನೆಗೆ ಬಂದು ಅಮ್ಮನಿಗೆ ಹೇಳಿದೆ:
ಆಗಲೇ ತಣ್ಣಗಾಗಿದ್ದನಮ್ಮಾ.

ಊರು ಸುಮ್ಮನಿರುತ್ತದಾ.
ಕಣ್ಣು ಕೊಟ್ಟವನು ಮುಂದಿನ ಜನ್ಮಕ್ಕೆ ಕುರುಡ ಅಂದರು.
ಎಷ್ಟು ಬಂತು ಅಂದರು.
ಹಾಗೆ ಕೇಳಿದ ಮನೆಗೆ ಒಂದು ಬೆಳೆ
ಚಾಕಿ ಹುಳು ಕೊಡಲಿಲ್ಲ.
ಆಮೇಲೆ ಕೊಟ್ಟೆ.

ಕುವಾಬಾರ ಬಂದ. ಫೋಟೋದ ಮುಂದೆ
ಮೊಣಕಾಲು ಮಡಚಿ ಬಹಳ ಹೊತ್ತು ಕೂತ.
ಪರ್ಸಿನಿಂದ ಲೈಸೆನ್ಸು ತೆಗೆದು ಹಿಂಬದಿ ತೋರಿಸಿದ.
ಒಂದು, ಎರಡು, ಮೂರು:
ಕೊಡುವುದಾದರೆ ಸುತ್ತು ಹಾಕಬೇಕಂತೆ, ಕೊಡದಿದ್ದರೂ ಹಾಕಬೇಕಂತೆ.
ಅವನದರಲ್ಲಿ ಯಾವುದಕ್ಕೂ ಸುತ್ತಿರಲಿಲ್ಲ,
ಸವೆದು ಅಂಚು ಬೆಳ್ಳಗಾಗಿತ್ತು.

ನನ್ನ ಹೆಂಡತಿ, ಅಂದ. ಫುಮಿಯೆ.
ಮಿಷನ್ ಉಸಿರು. ಡಾಕ್ಟರ್ ಕೇಳಿದ.
ಅವಳ ತಾಯಿ, ಬೇಡ. ನಾನು, ಬೇಡ.
ಅಪ್ಪ ಅಮ್ಮ ಕೊಟ್ಟ ಮೈ. ಪೂರ್ತಿ ವಾಪಸು.
ಎರಡೂ ಅಂಗೈ ಜೋಡಿಸಿ, ತುಂಬಿದ ಬೋಗುಣಿ ಹಿಡಿದಂತೆ ಹಿಡಿದ.
ತಗೊಂಡವನು ಪಾಪ, ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ.
ಅರ್ಧ ವಾಪಸು ಹೇಗೆ?

ಆಮೇಲೆ ಮಾತು ಹುಡುಕಿದ.
ಅವನ ಬಳಿ ಇದ್ದವೇ ಅಷ್ಟು. ಸೊಪ್ಪಲ್ಲ. ಜ್ವರವಲ್ಲ.
ಕೈ, ಅಂದ. ಬಿಸಿ.
ಬಿಸಿ ಇತ್ತು.

ಅಮ್ಮ ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದಳು.
ಒಳಗೆ ಚಂದ್ರಿಕೆಗಳಲ್ಲಿ ಹಣ್ಣಾದ ಹುಳು
ತಲೆಯಾಡಿಸುತ್ತ ನೂಲು ಬಿಡುತ್ತಿದ್ದವು,
ಆ ಸದ್ದು ಸದ್ದೇ ಅಲ್ಲ, ಆದರೂ ಕೇಳಿಸಿತು.
ಎದ್ದು ಬಂದು ನನ್ನ ಎಡಗೈ ಎತ್ತಿಕೊಂಡಳು,
ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ
ಅಂಗೈ, ಮಣಿಕಟ್ಟು, ಬೆರಳ ಸಂದು ಒತ್ತಿ ನೋಡಿದಳು.

ಇಷ್ಟಿತ್ತಾ?

ಇಷ್ಟೇ ಇತ್ತಮ್ಮಾ.

ಕೈ ಬಿಡಲಿಲ್ಲ. ಬಯ್ಯಲೂ ಇಲ್ಲ.
ಸ್ವಲ್ಪ ಹೊತ್ತಾದ ಮೇಲೆ
ಒಳಗಿಂದ ಒಂದು ಸೇರು ಕಡಲೆಕಾಯಿ ತಂದು
ಅವನ ಮುಂದೆ ಇಟ್ಟು, ನನಗೆ ಹೇಳಿದಳು:
ಇದಕ್ಕೆ ಏನೂ ತರಬೇಡ ಅನ್ನು.
ಅವನ ಮಾತಲ್ಲೇ ಹೇಳು.
ಸಾಕು ಅನ್ನು.